ಪಂಚಮಿಯ ಗಂಟು

"ಇವರ ಏನ್ರಿ ಹಾಲವ್ವ? ಲಗೂನ ಗುರುತು ಹೇಳ್ರಿ," ಎಂದು ಕೋರ್ಟಿನ ಬೇಲೀಫ ಮತ್ತೆ ಕೇಳಿದ. ಅಪ್ಪ ತಂಗಿ ಹಾಲವ್ವನ ಹೆಸರಿಗೆ ಬರೆದ ಹೊಲಕ್ಕಾಗಿ ದಾವೆ ಹೂಡಿದ್ದ ಗುದ್ಲೆಪ್ಪನೇ ಅವಳ ಗಂಡನ ಊರಾದ ಅಕ್ಕಿಆಲೂರಿಗೆ ಬಂದು ಅವಳನ್ನು ತೋರಿಸಿಕೊಡಬೇಕಿತ್ತು. ನಿಂತಲ್ಲಿ ನಿಲ್ಲಲಾರದೆ ಅವನು ರುಮಾಲು ಬಿಚ್ಚಿ ಸುತ್ತಿದ, ಮತ್ತೆ ಬಿಚ್ಚಿದ.

ನಾಳಿದ್ದು ನಾಗರಪಂಚಮಿ. ಅಣ್ಣ ತವರಿಗೆ ಕರೆದೊಯ್ಯಲು ಬಂದನೆಂದೇ ತಿಳಿದು ಹಾಲವ್ವ ಅವನ ಕಾಲಿಗೆ ನೀರು ಕೊಟ್ಟಿದ್ದಳು. ಸೀರೆಯ ಗಂಟನ್ನೂ ಹೊಸ್ತಿಲಿಗೆ ತಂದಿಟ್ಟಿದ್ದಳು.

"ಹೌದ್ರಿ, ಇಕೀನ," ಎಂದ ಗುದ್ಲೆಪ್ಪ, ಗಂಟನ್ನೇ ನೋಡುತ್ತ.

ಹಬ್ಬ ಮುಗಿದ ನಾಲ್ಕನೆಯ ದಿನ ಕೋರ್ಟಿಗೆ ಹಾಜರಾಗಬೇಕೆಂದು ಬೇಲೀಫ ಸಮನ್ಸು ಓದಿ ಹೇಳಿದ. ಹಾಲವ್ವ ಹೆಬ್ಬೆಟ್ಟು ಒತ್ತಿ, ಮಸಿಯನ್ನು ಗೋಡೆಗೆ ಒರೆಸಿದಳು. ಕಾಗದವನ್ನು ಗಂಟಿನೊಳಗೆ ತುರುಕಿ, ಗಂಟನ್ನು ಅಣ್ಣನ ಕೈಗಿಟ್ಟಳು.

"ನಡಿ ಅಣ್ಣಾ. ಉಂಡಿ ತಿಂದು, ಜೋಕಾಲಿ ಆಡಿ, ತವರಮನಿಯಿಂದನ ಇಬ್ರೂ ಕೂಡಿ ಕೋರ್ಟಿಗೆ ಹೋಗೂಣು."