ಮೂರು ಮೀನುಗಳ ಹೊಟ್ಟೆ

ಹೊಳೆ ಕಡಲು ಸೇರುವ ಅಳಿವೆಯ ಬಾಯಿಗೆ ಕಟ್ಟಿಕೊಂಡ ಮರಳನ್ನು ತೆಗೆಸುವುದಿಲ್ಲ ಎಂದು ಕಚೇರಿಯಿಂದ ಕಾಗದ ಬಂದ ದಿನ, ಬಲೆಗಾರ ಮುದುಕ ನೆಟ್ಟಗೆ ಮೀನು ಪರೀಕ್ಷೆಯ ಕೋಣೆಗೆ ನಡೆದ. ಅವನ ಕೇರಿಯ ಮೂವತ್ತು ದೋಣಿಗಳ ಬದುಕು ಆ ಬಾಯಿಯಲ್ಲಿ ಸಿಕ್ಕಿಕೊಂಡಿತ್ತು. ಮೀನಿನ ಹೊಟ್ಟೆ ಸೀಳಿ ನೋಡುವ ಮೇಡಂ ಒಬ್ಬರೇ ಇದ್ದರು.

"ಏನಮ್ಮಾ ಹೀಗ್ ಮಾಡಿಬಿಟ್ರಿ? ಕಡಲ ನೀರು ಒಳಗೆ ಬರದೆ ಹಿನ್ನೀರು ಹಳಸಿ ಹೋಗ್ತಿದೆ."

"ನಾನೇನು ಮಾಡ್ಲಿ ತಾತ? ಮೀನಿಗೆ ಊಟ ಇಲ್ಲ ಅಂತ ತೋರಿಸಿದ್ರೆ ಮರಳು ತೆಗೆಸ್ತೀವಿ ಅಂತ ಕಚೇರಿಯವರು ಅಂದಿದ್ರು. ನಾನೂ ಅದನ್ನೇ ಹುಡುಕ್ತಿದ್ದೆ. ಎರಡು ವರ್ಷದಲ್ಲಿ ನೀವು ತಂದ ಒಂದು ಮೀನಿನ ಹೊಟ್ಟೆಯೂ ಖಾಲಿ ಇರಲಿಲ್ಲ. ಹಳದಿ ರೆಕ್ಕೆಯದು, ಚುಕ್ಕೆಯದು, ಉದ್ದ ಮೂತಿಯದು, ಮೂರರಲ್ಲೂ ಸೀಗಡಿ. ಗಂಟಲ ತನಕ."

ಮುದುಕನಿಗೆ ನಗು ಬಂತು. "ಮೂರರಲ್ಲೂನಾ? ನಿಮ್ಮ ಭೂತಗನ್ನಡಿ ಒರೆಸಿ ನೋಡಿ. ಅವು ಅಣ್ಣತಮ್ಮಂದಿರೇ, ಆದ್ರೆ ಒಬ್ಬರ ತಟ್ಟೆಗೆ ಇನ್ನೊಬ್ಬರು ಕೈ ಹಾಕಿದವರಲ್ಲ. ಹಳದಿ ರೆಕ್ಕೆಯದು ಕಲ್ಲಿನ ಪಾಚಿ ಕೆರೆಯೋದು. ಚುಕ್ಕೆಯದು ಕೆಸರು ಕೆದಕಿ ಹುಳ ತಿನ್ನೋದು. ಸೀಗಡಿ ಹಿಂದೆ ಓಡೋನು ಮೂತಿಯವನೊಬ್ಬನೇ. ನಮ್ಮಪ್ಪನ ದೋಣೀಲಿ ಕೂತು ನೋಡಿದ್ದೀನಿ. ಅದೂ ಅಲ್ದೆ ಈಗ ಸೀಗಡಿ ಎಲ್ಲಿದೆ? ನನ್ನ ಬಲೆಗೆ ಬಿದ್ದು..."

ಆ ಸೀಗಡಿ ಎಲ್ಲಿಯದೆಂದು ಅವನಿಗೆ ಹೊಳೆಯಿತು. ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಮುದುಕ ಕೂತ.

ಮೇಡಂ ಬರುತ್ತಿದ್ದದ್ದು ವಾರಕ್ಕೆ ಎರಡೇ ದಿನ. ಬಲೆಗೆ ಬಿದ್ದ ಮೀನನ್ನು ಅವನು ಅಲ್ಲಿಯವರೆಗೆ ಬಿದಿರಿನ ಪಂಜರದಲ್ಲಿ ಹಾಕಿ ನೀರಿಗೆ ಇಳಿಬಿಡುತ್ತಿದ್ದ. ಹಸಿವಾದರೆ ಅವು ಒಂದರ ಬಾಲ ಒಂದು ಕಚ್ಚುತ್ತಿದ್ದವು. ಮೈ ಮುಕ್ಕಾಗಬಾರದು ಎಂದು ಮೇಡಂ ಮೊದಲೇ ಹೇಳಿದ್ದರು. ಅದಕ್ಕೆ ಸೊಸೆ ಕಡಲ ಸೀಗಡಿ ಸುಲಿಯುವ ಶೆಡ್ಡಿನಿಂದ ತರುತ್ತಿದ್ದ ತಲೆ, ಸಿಪ್ಪೆಗಳನ್ನು ಬೆಳಿಗ್ಗೆ ಸಂಜೆ ಒಂದೊಂದು ಹಿಡಿ ಎಸೆಯುತ್ತಿದ್ದ. ಸಾಯಲು ಹೊರಟ ಜೀವ, ಹಸಿದುಕೊಂಡು ಹೋಗುವುದು ಬೇಡ ಎಂದೂ ಅನ್ನಿಸುತ್ತಿತ್ತು.

ಅಷ್ಟನ್ನೂ ಹೇಳಿದ.

"ಎಷ್ಟು ದಿನದಿಂದ ತಾತ?"

"ಮೊದಲನೇ ಮೀನಿನಿಂದ."

ಮೇಡಂ ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು. ಕೈಗವಸು ಕಳಚಿ ಮೇಜಿನ ಅಂಚಿಗೆ ಇಟ್ಟರು. ಆಮೇಲೆ ಅಂದರು, "ನಾಳೆ ನಾನೇ ದೋಣಿಗೆ ಬರ್ತೀನಿ. ಬಲೆಯಿಂದ ತೆಗೆದ ಹಾಗೇ ಒಂದೊಂದು ಜಾತೀದು ಹತ್ತು ಕೊಡಿ, ಸಾಕು. ನಾನು ಬರೆದದ್ದು ತಪ್ಪು ಅಂತ ನಾನೇ ಹೋಗಿ ಹೇಳ್ತೀನಿ."

ಮುದುಕ ತಲೆ ಎತ್ತಲಿಲ್ಲ.

"ಬಲೆಗೆ ಮೀನು ಬಿದ್ದು ಎರಡು ತಿಂಗಳಾಯ್ತಮ್ಮಾ. ಈಗ ಉಳಿದಿರೋದು ಪಂಜರದಲ್ಲಿ ನಾನು ಹೊಟ್ಟೆ ತುಂಬಿಸಿದವು ಮಾತ್ರ."