ಮೂರನೆಯ ದನಿ

ಒಂಟಿ ದನಿ ಕೇಳಿಸಿದರೆ ಸಾಕು, ಆಕಾಶದಲ್ಲಿ ಸುತ್ತುವ ಶತ್ರುಯಂತ್ರ ಅಲ್ಲಿಗೇ ಎರಗುತ್ತಿತ್ತು. ಮೂರು ದನಿ ಶ್ರುತಿಗೂಡಿದರೆ ಗಾಳಿಯೆಂದುಕೊಂಡು ಸುಮ್ಮನಿರುತ್ತಿತ್ತು. ಹೀಗಾಗಿ ಶಿಬಿರದಲ್ಲಿ "ಚಾ ಕೊಡ್ರಿ" ಎನ್ನುವುದಕ್ಕೂ ಮೂವರು ಕೂಡಿ ಮೂರು ಸ್ವರದಲ್ಲಿ ಹೇಳಬೇಕಿತ್ತು. ಶ್ರುತಿ ಕೂಡಲು ಆರು ತಿಂಗಳ ಅಭ್ಯಾಸ ಬೇಕು. ಜೊತೆಯವರು ಸತ್ತರೆ, ಬೇರೆಯವರೊಡನೆ ಪಳಗುವತನಕ ಸೈನಿಕ ಬಾಯಿ ಬಿಡುವಂತಿರಲಿಲ್ಲ.

ಸೈನಿಕರನ್ನು ರಂಜಿಸಲು ಊರೂರು ಅಲೆಯುವ ಮೂವರು ಅಕ್ಕತಂಗಿಯರು, ಬೆಟಗೇರಿ ಸಿಸ್ಟರ್ಸ್, ಆ ಮಧ್ಯಾಹ್ನ ಹಾಡುತ್ತಿದ್ದರು. ನಡುವಿನವಳಾದ ಕರುಣಾಳ ಜೀವವೆಲ್ಲ ತಂಗಿ ಎಸ್ತೇರಳ ಕಟ್ಟಿದ ಗಂಟಲಲ್ಲೇ ಇತ್ತು. ಎರಡನೆಯ ಚರಣದಲ್ಲಿ ಅದು ಕೈಕೊಟ್ಟೇಬಿಟ್ಟಿತು. ಮೇಲಿನ ಗುಂಯ್‌ಗುಡುವ ಸದ್ದು ಕೆಳಗಿಳಿಯಿತು. ತಕ್ಷಣ ಮುಂದಿನ ಸಾಲಿನ ಸೈನಿಕನೊಬ್ಬ ಎದ್ದು ಬಿಟ್ಟುಹೋದ ಸ್ವರವನ್ನು ಹಿಡಿದ. ಯಾರ ದನಿಗೂ ಕೂಡಬಲ್ಲಷ್ಟು ಪಳಗಿದ್ದ ಕರುಣಾ ತನ್ನ ಸ್ವರವನ್ನು ಅವನಿಗೆ ಹೊಂದಿಸಿಕೊಂಡಳು. ಸದ್ದು ದೂರವಾಯಿತು.

ಹಾಡು ಮುಗಿದರೂ ಅವನು ನಿಲ್ಲಿಸಲಿಲ್ಲ. ಅದೇ ಧಾಟಿಯಲ್ಲಿ ತನ್ನ ಮಾತು ಹಾಡತೊಡಗಿದ.

"ಅವ್ವಾ, ಬಸಣ್ಣ ಹ್ವಾದ, ಮೈಲಾರಿನೂ ಹ್ವಾದ. ನಾಕು ತಿಂಗಳಾತು, ನಾ ಮಾತಾಡೇ ಇಲ್ಲ."

ತಾವು ನಿಲ್ಲಿಸಿದರೆ ಅವನ ದನಿ ಒಂಟಿಯಾಗುತ್ತದೆ. ಅಕ್ಕ ಸುಗುಣಾ ಹಾಡುತ್ತಲೇ, ಕಾಯುತ್ತಿದ್ದ ಲಾರಿಯತ್ತ ಕಣ್ಸನ್ನೆ ಮಾಡಿದಳು. ಕರುಣಾ ತಲೆ ಅಲ್ಲಾಡಿಸಿ ಸ್ವರ ಹಿಡಿದೇ ಇದ್ದಳು. ಕೊನೆಗೆ ಅವನು ಅತ್ತು ಹಗುರಾಗಿ, ಕೈಯೆತ್ತಿ ಸನ್ನೆ ಮಾಡಿದ. ಮೂವರೂ ಒಟ್ಟಿಗೇ ನಿಲ್ಲಿಸಿದರು.

ಕರುಣಾ ಬೆವರೊರೆಸಿಕೊಂಡು ತಲೆಯೆತ್ತಿದಳು. ಅವನ ಹಿಂದೆ ಹನ್ನೊಂದು ಮಂದಿ, ತುಟಿ ಬಿಗಿಹಿಡಿದು, ಸಾಲುಗಟ್ಟಿ ನಿಂತಿದ್ದರು.