ಒಂದೇ ಹೆಸರಿನ ಪ್ರಯಾಣಿಕರು

ಹಡಗು ನಿಲ್ಲಿಸುವ ಆದೇಶದ ಮೇಲೆ ಹಡಗು ಕಂಪನಿಯ ಮುಖ್ಯಸ್ಥ ಸೈರೂಸಿ ಪೆನ್ನು ಊರಿದಾಗ, ಅಲ್ಲೇ ಲೆಕ್ಕ ನೋಡುವ ಲೀತಿಯಾನಾಳಿಗೆ ತನ್ನ ತಪ್ಪು ಹೊಳೆಯಿತು. ಗೋಡೆಯ ಪರದೆಯಲ್ಲಿ ಅವಳೇ ಮಾಡಿದ ಗ್ರಾಫ್ ಇತ್ತು. ಅದರ ಪ್ರಕಾರ ಅವಳ ದ್ವೀಪದ ಹಡಗು ಖಾಲಿ ಓಡುತ್ತಿತ್ತು.

“ಸಾರ್, ತಡೀರಿ. ಪ್ರಯಾಣಿಕರ ಪಟ್ಟಿಲಿ ಒಂದೇ ಹೆಸರು ಮತ್ತೆ ಮತ್ತೆ ಬಂದಿತ್ತು, ತಪ್ಪಿ ಬರೆದಿದ್ದಾರೆ ಅಂತ ನಾನೇ ಅಳಿಸಿಬಿಟ್ಟೆ. ನಮ್ಮೂರಲ್ಲಿ ಎಲ್ಲರ ಟಿಕೆಟ್ಟೂ ಮುಖಂಡನ ಹೆಸರಲ್ಲೇ ತಗೊಳ್ಳೋದು. ಹಡಗು ತುಂಬಿರುತ್ತೆ. ಅದು ನಿಂತ್ರೆ ಕಾಯಿಲೆಯವರು ಇಲ್ಲಿ ಸುವಾ ಪಟ್ಟಣದ ಆಸ್ಪತ್ರೆಗೆ ಹ್ಯಾಗೆ ಬರ್ತಾರೆ?”

ಸೈರೂಸಿ ಸಹಿ ಮುಗಿಸಿ ಪೆನ್ನಿಗೆ ಮುಚ್ಚಳ ಹಾಕಿದ. “ಗೊತ್ತು ಕಣಮ್ಮ. ನಾನೂ ಪಕ್ಕದ ದ್ವೀಪದವನೇ. ಅದೇ ಹಡಗಲ್ಲಿ, ನಮ್ಮ ಮುಖಂಡನ ಹೆಸರಲ್ಲಿ, ಚಾಪೆ ಹಾಸ್ಕೊಂಡು ಬಂದವನು.”

“ಗೊತ್ತಿದ್ದೂ ಸುಮ್ನಿದ್ರಾ?”

“ಹಡಗು ರೆಸಾರ್ಟಿನವರಿಗೆ ಬೇಕಂತೆ. ಹೋದ ತಿಂಗಳೇ ಮಾತಾಗಿದೆ. ಲೆಕ್ಕ ಹೊರಗಿನವರು ಮಾಡಿದ್ರೆ ನಿಮ್ಮೂರವರು ಜಗಳಕ್ಕೆ ಬರ್ತಿದ್ರು.” ಅವನು ಆದೇಶವನ್ನು ಅವಳ ಕಡೆ ತಳ್ಳಿದ. “ವರದಿ ಮೇಲೆ ನಿನ್ನ ಹೆಸರಿದೆ. ನಿನ್ನನ್ನ ಅವರು ನಂಬ್ತಾರೆ.”